ಗಾಳ ಬಾಯಲ್ಲಿರಬೇಕು

೩ ಅಕ್ಟೋಬರ್ ೨೦೦೯, ಶನಿವಾರ. ಕ್ಯಾಂಟನ್

ಬೂಟು ಇನ್ನೂ ಒದ್ದೆ. ಮ್ಯಾನಿಸ್ಟೀ ಹೊಳೆಗೆ ಹೋಗಿಬಂದೆವು, ಅಶ್ಫಾಕ್ ಮತ್ತು ನಾನು. ಎಂದಿನಂತೆ ಅವರು ಸೊಂಟದ ಮಟ್ಟ ನೀರಿನಲ್ಲಿ. ನಾನು ದಡದಲ್ಲಿ, ಕೊಡೆಯಡಿ, ಒಂದು ರಷ್ಯನ್ ಕಾದಂಬರಿಯ ಅನುವಾದದೊಂದಿಗೆ. ಮೂರು ವರ್ಷದಿಂದ ಹೀಗೆ. ಒಂದೂ ಸಾಲ್ಮನ್ ಸಿಕ್ಕಿಲ್ಲ.

ಈ ಸಲ ಆತುರವಿದೆ. ಆಗಸ್ಟ್ ಲೇಆಫ್‌ನಲ್ಲಿ ನಮ್ಮ ಪ್ಲಾಂಟ್‌ನ ಕ್ವಾಲಿಟಿ ವಿಭಾಗದಿಂದ ಅವರು ಹೋದರು, ನಾನು ಉಳಿದೆ. ಹದಿನೆಂಟಕ್ಕೆ ಹ್ಯೂಸ್ಟನ್‌ಗೆ ಹೊರಡುತ್ತಾರೆ. ಹಿಂದಿನ ದಿನ ಅವರ ಮನೆಯಲ್ಲಿ ಊಟ. ಇಲ್ಲಿ ತಾವೇ ಹಿಡಿದ ಒಂದು ಮೀನನ್ನು ಬಡಿಸಿ ಹೋಗಬೇಕೆಂಬ ಆಸೆ.

ಇಂದು ಸಿಕ್ಕಿತ್ತು. ಗಾಳಕ್ಕೆ ಸಿಕ್ಕ ಮೀನನ್ನು ಎತ್ತಿಕೊಳ್ಳುವ ಹಿಡಿಬಲೆ, ಆ ನೆಟ್, ನನ್ನ ಕೈಯಲ್ಲಿ. ಮೀನು ಮುಟ್ಟಿದವನೇ ಅಲ್ಲ ನಾನು. ಹಿಂದಿನಿಂದ ಹಾಕಿದರೆ ಅದಕ್ಕೆ ಗೊತ್ತಾಗದು ಎಂದುಕೊಂಡೆ. ನೆಟ್ ಬಾಲಕ್ಕೆ ತಗುಲಿತು. ಒಂದೇ ನೆಗೆತ — ದಾರ ಕಡಿದುಹೋಯಿತು.

"ಅಲ್ರೀ ಜಯಸಿಂಹ, ಮೀನೇನು ಬಸ್ಸೇನ್ರಿ, ಹಿಂದಿಂದ ಹತ್ತಾಕ?" ಹುಬ್ಬಳ್ಳಿಯ ಮಾತನ್ನು ಅಶ್ಫಾಕ್ ಬಿಟ್ಟಿಲ್ಲ. "ತಲೀ ಕಡೆ ಹಿಡೀರಿ. ಓಡಿದ್ರ ಒಳಗ ಓಡ್ತದ."

ಮೀನೆಲ್ಲಿ ಎಂದು ಅವರ ಹೆಂಡತಿ ದಿಲ್‌ಶಾದ್ ಕೇಳಿದಾಗ, ಅಶ್ಫಾಕ್ ನನ್ನ ಹೆಸರೆತ್ತದೆ ದಾರ ಹಳೆಯದಿತ್ತು ಎಂದರು.

೭ ಅಕ್ಟೋಬರ್

ಬಾತ್‌ಟಬ್ ತುಂಬಿಸಿ, ಸೋರೆಕಾಯಿ ತೇಲಿಬಿಟ್ಟು, ನೆಟ್ ಅಭ್ಯಾಸ. ತೊಟ್ಟಿನ ಕಡೆ ತಲೆ ಎಂದಿಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಪ್ರಭಾ ಬಾಗಿಲಲ್ಲಿ ನಿಂತು ನೋಡಿದಳು. "ರೀ, ನಾಳೆ ಹುಳಿಗೆ ಅದೇ ಕಾಯಿ. ಹಿಡಿದಾದ್ಮೇಲೆ ಕೊಡಿ."

೧೦ ಅಕ್ಟೋಬರ್, ಶನಿವಾರ

ಬಿರುಗಾಳಿ. ಮಳೆ ಅಡ್ಡಡ್ಡ. ಕೊಡೆ ಮುರಿಯಿತು, ಪುಸ್ತಕ ಕಾರಿನಲ್ಲೇ ಉಳಿಯಿತು. ಹೊಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ಉಳಿದವರೆಲ್ಲ ಹೊರಟುಹೋದರು.

ಮಧ್ಯಾಹ್ನ ಎರಡೂ ಹತ್ತಕ್ಕೆ ಮೀನು ಕಚ್ಚಿತು. ಅಶ್ಫಾಕ್ ಎಳೆಯಲಿಲ್ಲ. ಅದು ಹೋದತ್ತ ತಾವೂ ಹೋದರು, ಹೆಜ್ಜೆಹೆಜ್ಜೆಗೂ ಕಲ್ಲು ತಡವಿ. ದಾರ ಸಡಿಲ ಬಿಡುವುದು, ಸುತ್ತುವುದು, ಕಾಯುವುದು... ಇಂಥ ಸಾವಧಾನವನ್ನು ನಾನು ಯಾರಲ್ಲೂ ಕಂಡಿಲ್ಲ. ನನ್ನ ವಾಚಿನಲ್ಲಿ ಇಪ್ಪತ್ತೆರಡು ನಿಮಿಷ. ತಲೆಯ ಕಡೆ ನೆಟ್ ಹಿಡಿದೆ. ಬಂತು!

ನನ್ನ ತೋಳಿನುದ್ದ, ಕಂಚಿನ ಬಣ್ಣ, ಕೆಳದವಡೆ ಕೊಕ್ಕೆಯಂತೆ. ನಾನು ಓದುತ್ತಿರುವ ಕಾದಂಬರಿಯಲ್ಲೂ ಇಂಥದೊಂದು ಬರುತ್ತದೆ; ಅನುವಾದಕರು ಬರೀ 'ದೊಡ್ಡ ಮೀನು' ಎಂದು ಬರೆದಿದ್ದಾರೆ. ಸಾಲದು.

ಅಶ್ಫಾಕ್ ಮಂಡಿಯೂರಿ ನೋಡಿದರು. ಇಲ್ಲಿಯ ನಿಯಮ: ಗಾಳ ಬಾಯಲ್ಲಿ ಸಿಕ್ಕಿದ್ದರೆ ಮಾತ್ರ ಮೀನು ನಮ್ಮದು, ಮೈಗೆ ಚುಚ್ಚಿದ್ದರೆ ಬಿಡಬೇಕು. ಗಾಳ ಬಾಯಿಯ ಹೊರಗೆ, ಕೆನ್ನೆಯಲ್ಲಿತ್ತು.

"ಒಂದಿಂಚು ಅಷ್ಟೆ," ಎಂದೆ. "ಇಲ್ಲಿ ಯಾರಿದಾರೆ?"

"ರಿಜೆಕ್ಟ್ ರೀ." ಪ್ಲಾಂಟ್‌ನಲ್ಲಿ ಅಳತೆ ತಪ್ಪಿದ ಭಾಗಕ್ಕೆ ಕೆಂಪು ಟ್ಯಾಗ್ ಕಟ್ಟುವಾಗಿನ ಅದೇ ದನಿ.

ಗಾಳ ಬಿಡಿಸಿದರು. ಪ್ರವಾಹಕ್ಕೆ ಮುಖಮಾಡಿ ಎರಡೂ ಕೈಯಲ್ಲಿ ಹಿಡಿದು ನಿಂತರು, ಅದಕ್ಕೆ ಉಸಿರು ಬರುವವರೆಗೆ. ನಾಲ್ಕು ನಿಮಿಷ. ಬೆರಳು ನೀಲಿಗಟ್ಟಿದವು. ಬಾಲ ಒಮ್ಮೆ ಬಡಿಯಿತು, ಹೋಯಿತು.

ಕಾರಿನಲ್ಲಿ ಅಶ್ಫಾಕ್ ಹೀಟರಿಗೆ ಬೆರಳೊಡ್ಡಿದರು. ಆಮೇಲೆ: "ನೆಟ್ ಛಲೋ ಹಿಡದ್ರಿ."

೧೭ ಅಕ್ಟೋಬರ್, ಊಟದಿಂದ ಬಂದು

ದಿಲ್‌ಶಾದ್ ಅಂಗಡಿಯ ಸಾಲ್ಮನ್ ಹುರಿದಿದ್ದರು. ಮೀನು ತಿನ್ನದ ಪ್ರಭಾಗೂ ನನಗೂ ಬೇರೆ ಬಾಣಲೆಯಲ್ಲಿ ಆಲೂಗಡ್ಡೆ. ಹತ್ತಿರದ ಟ್ರಾಯ್ ಊರಿನಿಂದ ಬಂದಿದ್ದ ಗೆಳೆಯ ಶ್ರೀಕಾಂತ್ ಕಿಚಾಯಿಸಿದರು: "ಏನ್ ಅಶ್ಫಾಕ್, ಮೂರ್ ವರ್ಷ ಹೊಳೇಲಿ ನಿಂತು, ಕೊನೆಗೆ ಅಂಗಡೀಲಿ ಹಿಡಿದ್ರಾ?"

"ಅಲ್ಲಿ ಗಾಳಿ ಇರಂಗಿಲ್ಲರೀ," ಎಂದು ಅಶ್ಫಾಕ್ ಎಲ್ಲರ ಜೊತೆ ನಕ್ಕರು.

ಇಂಥ ಕಡೆ ಬಾಯಿ ಬಿಡುವವನಲ್ಲ ನಾನು. ತಟ್ಟೆ ಕೆಳಗಿಟ್ಟೆ. "ಹಿಡಿದಿದ್ರು. ನೆಟ್ ನನ್ನ ಕೈಲಿತ್ತು."

ದಿಲ್‌ಶಾದ್ ಅಡುಗೆಮನೆಯಿಂದ ಬಂದು ನಿಂತರು. ಮೊದಲಿನಿಂದ ಹೇಳಿದೆ — ಬಾಲ, ಸೋರೆಕಾಯಿ, ಗಾಳಿ, ಇಪ್ಪತ್ತೆರಡು ನಿಮಿಷ. ಅಶ್ಫಾಕ್ ತಲೆ ತಗ್ಗಿಸಿ ಕೇಳುತ್ತಿದ್ದರು. ಗಾಳ ಬಾಯಿಂದ ಒಂದಿಂಚು ಆಚೆ ಎಂದಾಗ ಮಾತ್ರ ತಡೆದರು.

"ಒಂದಲ್ರಿ. ಮುಕ್ಕಾಲು."

೧೮ ಅಕ್ಟೋಬರ್

ಅವರ ಸಾಮಾನಿನ ಟ್ರಕ್ ಹೊರಟಿತು. ನೆಟ್ ನಮ್ಮ ಗ್ಯಾರೇಜಿನಲ್ಲಿದೆ. ನಾಳೆಯಿಂದ ಪ್ಲಾಂಟ್‌ನಲ್ಲಿ ಅವರು ತಪಾಸಣೆ ಮಾಡುತ್ತಿದ್ದ ಲೈನ್ ಕೂಡ ನನಗೆ. ಕೆಂಪು ಟ್ಯಾಗ್‌ಗಳು ಅವರ ಡ್ರಾಯರಿನಲ್ಲೇ ಇವೆಯಂತೆ. ಮುಕ್ಕಾಲು ಇಂಚು ತಪ್ಪು ಕಂಡರೆ, ಸುತ್ತ ಯಾರೂ ಇಲ್ಲದಿದ್ದರೂ, ನಾನು ಟ್ಯಾಗ್ ಕಟ್ಟುತ್ತೇನೆಯೇ?