ಒಂದೇ ದನಿಯ ಮೈದಾನ

ಪ್ರೀತಿಯ ಮೈಕ್ ಮಾಮ,

ನಿನ್ನೆ ನಿಮ್ಮ ಮನೆಯಿಂದ ಹೇಳದೆ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಆಪರೇಷನ್ ಆದ ಗಂಟಲಿನಿಂದ ನೀವು ತಿರುಗಿ ಬೈಯುವ ಹಾಗಿಲ್ಲ. ನಾನೊಬ್ಬಳೇ ಕೂಗಾಡಿದರೆ ಅದು ಜಗಳ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಕಾಗದ. ಇದರಲ್ಲಿ ನಾವಿಬ್ಬರೂ ಸಮ. ನಾನೂ ಬಾಯಿ ತೆರೆಯುವುದಿಲ್ಲ, ನೀವೂ ತೆರೆಯಬೇಕಾಗಿಲ್ಲ.

ನಾನು ಕೇಳಿದ್ದು ಒಂದು ಬೀಗದ ಕೈ. ಮೈದಾನದ ತಗಡಿನ ಮಾಡಿನ ಕೆಳಗಿರುವ ಮೈಕಿನ ಪೆಟ್ಟಿಗೆಯದು. ಭಾನುವಾರ ಫುಟ್‌ಬಾಲ್ ಫೈನಲ್ ಇದೆ, ಮಾಮ, ಈ ಸಲ ಕಾಮೆಂಟರಿ ನಾನು ಹೇಳ್ತೀನಿ ಅಂದೆ. ನೀವು ದಿಂಬಿನ ಅಡಿಗೆ ಕೈ ಹಾಕಿದಿರಿ. ಕೊಡುತ್ತೀರಿ ಅಂದುಕೊಂಡು ನಾನು ಅಂಗೈ ಚಾಚಿದೆ. ನೀವು ಬೀಗದ ಕೈಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು ಆ ಕಡೆ ಮಗ್ಗುಲಾದಿರಿ. ನಿಮ್ಮ ಬೆನ್ನು ನೋಡುತ್ತಾ ನಿಂತಿದ್ದೆನಲ್ಲ, ಆಗ ನನಗೆ ನಮ್ಮ ಎಕನಾಮಿಕ್ಸ್ ಮೇಷ್ಟ್ರು ನೆನಪಾದರು.

ನಗಬೇಡಿ, ಹೊಲಿಗೆ ಎಳೆಯುತ್ತದೆ. ಅವರು ಏಕಸ್ವಾಮ್ಯದ ಪಾಠ ಮಾಡಿದ ದಿನದ ಕಥೆ ನಿಮಗೆ ಹೇಳೇ ಇಲ್ಲ. ಮಾರುವವನು ಒಬ್ಬನೇ, ಅವನ ಸರಕಿಗೆ ಹತ್ತಿರದ ಬದಲಿ ಇಲ್ಲ, ಇನ್ನೊಬ್ಬ ಒಳಗೆ ಬರಬೇಕೆಂದರೆ ದಾರಿ ಮುಚ್ಚಿದೆ, ಇಷ್ಟು ಇದ್ದರೆ ಅದು ಏಕಸ್ವಾಮ್ಯ ಅಂತ ಬೋರ್ಡಿನ ಮೇಲೆ ಬರೆದು ಉದಾಹರಣೆ ಕೇಳಿದರು. ಹುಡುಗರು ಕರೆಂಟು ಅಂದರು, ನಲ್ಲಿ ನೀರು ಅಂದರು, ರೈಲು ಅಂದರು. ಹಿಂದಿನ ಬೆಂಚಿನಿಂದ ಯಾರೋ "ಮೈಕ್ ಮಾಮ" ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದು ಎದ್ದು ನಿಂತೆ. "ಸರ್, ಮಾಮ ಯಾರ ಹತ್ರಾನೂ ಒಂದು ಪೈಸೆ ತಗೊಳಲ್ಲ" ಅಂದೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಬೆಲೆ ಅಂದ್ರೆ ದುಡ್ಡೇ ಆಗಬೇಕಾ ತಾಯಿ? ಅವರು ಬರದೇ ಇರೋ ದಿನ ಮೈದಾನಕ್ಕೆ ಹೋಗಿ ನೋಡು. ಅವತ್ತು ಏನು ಕಳ್ಕೊಳ್ತೀರೋ ಅದೇ ಬೆಲೆ" ಅಂದರು. ನನಗೆ ಅರ್ಥವಾಗಲಿಲ್ಲ. ನೀವು ಬರದ ದಿನ ಅನ್ನುವುದೊಂದು ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಅಷ್ಟಕ್ಕೂ ಏಕಸ್ವಾಮ್ಯ ಅನ್ನುವ ಭಾರದ ಪದ ಪುಸ್ತಕದ್ದು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ. ಒಲೆಯ ಮುಂದೆ ಯಾರನ್ನೂ ಬಿಟ್ಟುಕೊಳ್ಳದ ಅಮ್ಮನಿಗೆ ಅಜ್ಜಿ, "ಅಡುಗೆಮನೆ ಏನು ನಿನ್ನೊಬ್ಬಳ ಜಹಗೀರಾ?" ಅನ್ನುತ್ತಾರೆ. ನಾನು ಟಿ.ವಿ. ರಿಮೋಟು ಹಿಡಿದು ಕೂತರೆ ತಮ್ಮ, "ಅದೇನು ನಿಮ್ಮಪ್ಪನ ಮನೇದಾ?" ಅನ್ನುತ್ತಾನೆ. ಹೌದು ಕಣೋ, ನಿಮ್ಮಪ್ಪನ ಮನೇದೂ ಅದೇ ಅನ್ನುತ್ತೇನೆ. ಕ್ಲಬ್ಬಿನ ಕಾರ್ಯದರ್ಶಿಗಳು ನಿಮ್ಮ ಬಗ್ಗೆ ಹೇಳುವಾಗ ದನಿ ತಗ್ಗಿಸಿ, "ಮೈಕ್ ಅವರ ಗುತ್ತಿಗೆ. ನಾವು ಕೇಳೋ ಹಂಗಿಲ್ಲ" ಅನ್ನುತ್ತಿದ್ದರು. ಆ ಮಾತಿನಲ್ಲಿ ಒಂದು ಚೂರು ಅಸಮಾಧಾನ, ಉಳಿದದ್ದೆಲ್ಲ ಹೆಮ್ಮೆ. ನಮ್ಮದು ಅನ್ನುವ ಜಂಬ ಇದ್ದಾಗ ಜನ ಹಾಗೆ ಬೈಯುತ್ತಾರೆ.

ನಾವು ನಿಮ್ಮ ಅಭಿಮಾನಿಗಳು ಒಂದು ಗ್ರೂಪು ಮಾಡಿಕೊಂಡಿರುವುದು ನಿಮಗೆ ಗೊತ್ತು. ಅದರಲ್ಲಿ ಬೆಳಗಾದರೆ ನಿಮ್ಮ ಮಾತೇ. ಯಾರಿಗಾದರೂ ಪರೀಕ್ಷೆ ಕೈಕೊಟ್ಟರೆ, ಕೆಲಸ ತಪ್ಪಿದರೆ, ತಕ್ಷಣ ಇನ್ನೊಬ್ಬರು ನಿಮ್ಮ ದನಿಯಲ್ಲಿ, "ಆಟ ಮುಂದುವರೀಲಿ" ಅಂತ ಕಳಿಸುತ್ತಾರೆ. ಒಂದು ಸಲ ನಮ್ಮ ಟೀಮಿನ ಬೇಕರಿಯಣ್ಣ ನಮ್ಮದೇ ಗೋಲಿಗೆ ಚೆಂಡು ಹೊಡೆದುಬಿಟ್ಟ. ಮೈದಾನ ಗಪ್‌ಚಿಪ್. ನೀವು ಮೈಕಿನಲ್ಲಿ, "ಚೆಂಡಿಗೆ ಇವತ್ತು ದಾರಿ ತಪ್ಪಿದೆ. ಪಾಪ, ಯಾರಾದ್ರೂ ಮನೆಗೆ ಬಿಟ್ಟು ಬನ್ನಿ. ಆಟ ಮುಂದುವರೀಲಿ" ಅಂದಿರಿ. ಜನ ನಕ್ಕರು. ತಲೆ ತಗ್ಗಿಸಿ ನಿಂತಿದ್ದ ಬೇಕರಿಯಣ್ಣನೂ ನಕ್ಕ. ನಾನು ಅದನ್ನು ನಿಮ್ಮ ತಮಾಷೆ ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದೆವು. ಒಳ್ಳೆಯದು ಮಾಡಿದವನ ಹೆಸರು ಕೂಗಿ ಹೇಳುವುದು, ತಪ್ಪಾದರೆ ಚೆಂಡಿನ ಮೇಲೋ ಗಾಳಿಯ ಮೇಲೋ ಹಾಕಿ ಯಾರ ಹೆಸರನ್ನೂ ಎತ್ತದಿರುವುದು, ಇದು ನೀವು ನಿಮಗೇ ಹಾಕಿಕೊಂಡಿದ್ದ ಕಟ್ಟು ಅಂತ ನಮಗೆ ಯಾರಿಗೂ ತಿಳಿಯಲಿಲ್ಲ. ನೀವೂ ಹೇಳಲಿಲ್ಲ.

ಸೆಮಿಫೈನಲ್ ದಿನ ನೀವು ಆಸ್ಪತ್ರೆಯಲ್ಲಿದ್ದಿರಿ. ಅವತ್ತು ಏನಾಯಿತು ಅಂತ ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ, ನೊಂದುಕೊಳ್ಳುತ್ತೀರಿ ಅಂತ. ನಾನು ಹೇಳುತ್ತೇನೆ.

ಪೆಟ್ಟಿಗೆಗೆ ಬೀಗ. ಬೀಗದ ಕೈ ನಿಮ್ಮ ಹತ್ತಿರ. ಮೊಬೈಲ್ ಅಂಗಡಿಯ ಹುಡುಗರಿಬ್ಬರು ತಮ್ಮದೇ ಸ್ಪೀಕರು, ತಮ್ಮದೇ ಮೈಕು ತಂದು, ಫೋನಿನಲ್ಲಿ ಲೈವ್ ಹಾಕಿಕೊಂಡು ಶುರು ಮಾಡಿದರು. ಅವರು ಕೆಟ್ಟವರಲ್ಲ ಮಾಮ. ಸುಳ್ಳೇಕೆ, ಮೊದಲರ್ಧ ನನಗೂ ಮಜಾ ಬಂತು. ಯಾರು ಎಷ್ಟು ಓಡಿದರು, ಯಾವ ಪಾಸು ಏಕೆ ಸರಿ, ನೀವು ಯಾವತ್ತೂ ಹೇಳದ ಎಷ್ಟೋ ವಿಷಯ ಹೇಳಿದರು. ಒಬ್ಬರದೇ ಅಂಗಡಿ ಇದ್ದಾಗ ನಮಗೆ ಸಿಗದೆ ಹೋದದ್ದು ಇಷ್ಟೆಲ್ಲ ಇತ್ತಲ್ಲ ಅಂತಲೂ ಅನ್ನಿಸಿತು.

ಆಮೇಲೆ ನನ್ನ ತಮ್ಮನ ಕಾಲ ಸಂದಿಯಿಂದ ಚೆಂಡು ಒಳಗೆ ಹೋಯಿತು. ಗೋಲ್‌ಕೀಪರ್ ಆಗಿ ನಿಂತು ಏನೆಲ್ಲ ತಡೆದಿದ್ದಾನೆ ಅವನು. ಅವನಿಗೆ ಗೋಡೆ ಅಂತ ಹೆಸರು ಕೊಟ್ಟವರೇ ನೀವು. ಅವತ್ತಿನಿಂದ ಅಮ್ಮ ಕೂಡ, "ಗೋಡೆ, ಊಟಕ್ಕೆ ಬಾ" ಅನ್ನುತ್ತಾಳೆ. ಆ ಚೆಂಡು ತೀರಾ ಸಲೀಸಾಗಿತ್ತು, ಮಗುವೂ ಹಿಡಿಯುತ್ತಿತ್ತು. ಸ್ಪೀಕರಿನಲ್ಲಿ, "ಇದು ಗೋಡೆ ಅಲ್ಲ ಗುರು, ಬಾಗಿಲು. ಬನ್ನಿ ಬನ್ನಿ, ಒಳಗೆ ಬನ್ನಿ" ಅಂತ ಬಂತು. ಜನ ಹೋ ಎಂದು ನಕ್ಕರು. ಪಂದ್ಯ ನಾವೇ ಗೆದ್ದೆವು. ಅದು ಯಾರಿಗೂ ನೆನಪಿಲ್ಲ. ಸಂಜೆಯ ಹೊತ್ತಿಗೆ ಆ ತುಣುಕು ಎಲ್ಲರ ಫೋನಿನಲ್ಲೂ ಇತ್ತು. ನಿಮ್ಮ ಅಭಿಮಾನಿಗಳ ಗ್ರೂಪಿಗೂ ಬಂತು, ಕೆಳಗೆ ಸಾಲುಗಟ್ಟಿ ನಗುವ ಮುಖಗಳು. ನಾವು ಇಷ್ಟು ದಿನ ನಿಮ್ಮಿಂದ ಕಲಿತದ್ದು ಮಾತನ್ನು ಮಾತ್ರ, ಮಾತು ನುಂಗುವುದನ್ನಲ್ಲ.

ತಮ್ಮ ಈಗ ಮೋಟಾರ್ ರಿಪೇರಿ ಅಂಗಡಿಗೆ ಹಿಂದಿನ ಓಣಿಯಿಂದ ಹೋಗುತ್ತಾನೆ. ತಾಮ್ರದ ತಂತಿ ಸುತ್ತುತ್ತಾ ತಲೆ ಬಗ್ಗಿಸಿ ಕೂತವನನ್ನು ಫ್ಯಾನ್ ರಿಪೇರಿಗೆ ತಂದ ಗಿರಾಕಿ, "ಏನಪ್ಪಾ ಬಾಗಿಲು, ಯಾವಾಗ ಕೊಡ್ತೀಯ?" ಅಂತ ಕೇಳಿದನಂತೆ. ಮಾಲೀಕರು ಗಿರಾಕಿಯನ್ನು ಗದರಿದರು. ಆದರೆ ಗದರಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ತಾವೂ ನಕ್ಕರಂತೆ, ಅದನ್ನು ಇವನು ನೋಡಿದ. ಗ್ಲೌಸು ಮಂಚದ ಕೆಳಗೆ ಮೂಲೆ ಸೇರಿದೆ. ಕ್ಯಾಪ್ಟನ್‌ಗೆ ಫೈನಲ್ ಆಡುವುದಿಲ್ಲ ಅಂದಿದ್ದಾನೆ. ಫೈನಲ್ ಮಾತ್ರ ಅಲ್ಲ, ಇನ್ನು ಮೈದಾನಕ್ಕೇ ಬರುವುದಿಲ್ಲ ಅಂದಿದ್ದಾನೆ. ಅವನು ಹಟಕ್ಕೆ ಬಿದ್ದರೆ ಹೇಗೆ ಅಂತ ನಿಮಗೆ ಗೊತ್ತು. ಈ ಭಾನುವಾರ ಅವನು ಗೋಲಿನ ಮುಂದೆ ನಿಲ್ಲದಿದ್ದರೆ ಮತ್ತೆ ಯಾವತ್ತೂ ನಿಲ್ಲುವುದಿಲ್ಲ.

ಅದಕ್ಕೇ ನಿನ್ನೆ ನಿಮ್ಮ ಹತ್ತಿರ ಬಂದದ್ದು. ನಾನು ಸಿಟ್ಟಿನಿಂದ ಹೊರಗೆ ಬಂದಾಗ ಅತ್ತೆ ಹೊಲಿಗೆ ಮಿಷನ್ ನಿಲ್ಲಿಸಿ ಗೇಟಿನವರೆಗೂ ಬಂದರು. "ಬೇಜಾರು ಮಾಡ್ಕೋಬೇಡ ಕಣೇ. ಆ ಪೆಟ್ಟಿಗೆ ನನಗೂ ಮುಟ್ಟಕ್ಕೆ ಬಿಟ್ಟಿಲ್ಲ" ಅಂದರು. ಏಕೆ ಅತ್ತೆ ಅಂದೆ. ಗೇಟು ಎಳೆದುಕೊಂಡು ಹೇಳಿದರು. "ಇವರ ತಮ್ಮ ಒಬ್ಬ ಇದ್ದ, ಚೆನ್ನಾಗಿ ಆಡೋನು. ಆಗ ಮೈಕಲ್ಲಿ ಬೇರೆ ಯಾರೋ ಇದ್ರು. ಒಂದು ಪೆನಾಲ್ಟಿ ಆಚೆ ಹೊಡೆದ ಅಂತ ಆ ಮನುಷ್ಯ ಅವನಿಗೆ ಒಂದು ಅಡ್ಡಹೆಸರು ಇಟ್ಟ. ಆ ಹೆಸರು ಬೆನ್ನು ಬಿಡಲೇ ಇಲ್ಲ. ಕೆಲಸಕ್ಕೆ ಹೋದ್ರೂ ಅದೇ, ಹೆಣ್ಣು ನೋಡಕ್ಕೆ ಹೋದ್ರೂ ಅದೇ. ಒಂದಿನ ಊರು ಬಿಟ್ಟು ಹೋದೋನು ಮತ್ತೆ ಬರಲಿಲ್ಲ. ಆಮೇಲೆ ಇವರು ಹೋಗಿ ಮೈಕ್ ಕೈಗೆ ತಗೊಂಡ್ರು. ಅವತ್ತಿಂದ ಬಿಟ್ಟಿಲ್ಲ." ಆ ಅಡ್ಡಹೆಸರು ಏನು ಅಂತ ನಾನು ಕೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ ಅಂತ ಗೊತ್ತಾಯಿತು.

ಮಾಮ, ನೀವು ಬೀಗ ಹಾಕಿದ್ದು ಮೈಕಿಗಲ್ಲ, ಆ ಹೆಸರಿಗೆ. ಇನ್ನೊಬ್ಬರ ಕೈಗೆ ಹೋದರೆ ಇನ್ನೊಬ್ಬನ ಮೇಲೆ ಅಂಥದ್ದೇ ಒಂದು ಹೆಸರು ಬಿದ್ದೀತು ಅನ್ನುವ ಭಯ. ನಿಮ್ಮ ಭಯ ನಿಜವಾಯಿತು, ನೀವು ಮೈದಾನದಲ್ಲಿಲ್ಲದ ಮೊದಲನೇ ದಿನವೇ. ಆದರೆ ಒಂದು ಮಾತು ಹೇಳುತ್ತೇನೆ, ಚಿಕ್ಕವಳು ಅಂತ ಮನ್ನಿಸಿ. ನೀವು ಅಷ್ಟು ಜೋಪಾನವಾಗಿ ಕಾದುಕೊಂಡದ್ದನ್ನು ನಮ್ಮಲ್ಲಿ ಒಬ್ಬರಿಗಾದರೂ ಕಲಿಸಿದ್ದರೆ ಅವತ್ತು ಆ ಹುಡುಗರ ಪಕ್ಕದಲ್ಲಿ ನಿಂತು, ಹೀಗನ್ನಬೇಡ್ರೋ ಅನ್ನುವವರು ಒಬ್ಬರಾದರೂ ಇರುತ್ತಿದ್ದರು. ಮೇಷ್ಟ್ರು ಹೇಳಿದ ಬೆಲೆ ಇದೇ ಇರಬೇಕು. ಒಬ್ಬರ ಹತ್ತಿರ ಮಾತ್ರ ಇರುವ ಒಳ್ಳೆಯತನ ಅವರು ಹಾಸಿಗೆ ಹಿಡಿದ ದಿನ ತಾನೂ ಹಾಸಿಗೆ ಹಿಡಿಯುತ್ತದೆ. ಆ ಬೆಲೆ ನೀವು ತೆರಲಿಲ್ಲ. ನನ್ನ ತಮ್ಮ ತೆರುತ್ತಿದ್ದಾನೆ.

ನಿಮ್ಮ ದನಿ ಮತ್ತೆ ಬರುತ್ತದೆ ಅಂತ ನೋಡಲು ಬಂದವರೆಲ್ಲ ಹೇಳಿ ಹೋಗುತ್ತಾರೆ. ಡಾಕ್ಟರು ಹಾಗೆ ಹೇಳಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಮಗೆ ನಾನು ಸುಳ್ಳು ಬರೆಯಲಾರೆ.

ನಿನ್ನೆ ಮನೆಗೆ ಬಂದು ತಮ್ಮನ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಒಳಗಿನಿಂದ ಚಿಲಕ. ಲೋಟ ಒಂದನ್ನು ಮೈಕಿನ ಹಾಗೆ ಹಿಡಿದು ನಿಮ್ಮ ಧಾಟಿಯಲ್ಲಿ ಆ ಗೋಲನ್ನು ಮತ್ತೆ ಹೇಳಲು ಶುರು ಮಾಡಿದೆ. ಚೆಂಡು ಬಲಗಡೆಯಿಂದ ಬಂತು, ಹುಲ್ಲು ಒದ್ದೆ, ನೆಲ ಜಾರುತ್ತಿತ್ತು ಅಂತ. ಒಳಗಿನಿಂದ ದನಿ ಬಂತು.

"ಹುಲ್ಲು ಒದ್ದೆ ಇರಲಿಲ್ಲ. ಸುಳ್ಳು ಹೇಳಬೇಡ. ಮಾಮ ಸುಳ್ಳು ಹೇಳಲ್ಲ."

ಹೌದಲ್ಲ ಅನ್ನಿಸಿತು. ನೀವು ಯಾರ ತಪ್ಪನ್ನೂ ಮುಚ್ಚಿಡಲು ಸುಳ್ಳು ಹೇಳಿದವರಲ್ಲ. ಚೆಂಡು ಒಳಗೆ ಹೋದರೆ ಹೋಯಿತು ಅಂತಲೇ ಅನ್ನುತ್ತಿದ್ದಿರಿ. ಇದನ್ನು ನಾನು ಗಮನಿಸಿರಲಿಲ್ಲ, ಅವನು ಗಮನಿಸಿದ್ದ. "ಹಾಗಾದ್ರೆ ಮಾಮ ಇದ್ದಿದ್ರೆ ಏನಂತಿದ್ರು?" ಅಂದೆ. ನಿದ್ದೆ ಹೋದನೇನೋ ಅಂದುಕೊಂಡು ನಾನು ಏಳುವಷ್ಟರಲ್ಲಿ ಅವನು ಮೆಲ್ಲಗೆ ನಿಮ್ಮದೇ ದನಿಯಲ್ಲಿ ಹೇಳಿದ. "ಚೆಂಡು ಹೇಳದೆ ಕೇಳದೆ ಒಳಗೆ ಬಂತು. ಬಂದ ನೆಂಟನ್ನ ಏನು ಮಾಡೋದು, ಕೂರಿಸೋಣ. ಆಟ ಮುಂದುವರೀಲಿ."

ನಾನು ನಕ್ಕೆ. ಅವನು ನಗಲಿಲ್ಲ. ಆದರೆ ಚಿಲಕ ತೆಗೆದ ಸದ್ದಾಯಿತು. ಹೊರಗೆ ಬಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡು, ನೀರು ಕುಡಿದು, "ಭಾನುವಾರ ಮೈಕಲ್ಲಿ ಯಾರಿರ್ತಾರೆ?" ಅಂದ. ಗೊತ್ತಿಲ್ಲ ಅಂದೆ. "ನೀನಿದ್ರೆ ನೋಡೋಣ. ಆಡ್ತೀನಿ ಅಂತ ಅಲ್ಲ. ನೋಡೋಣ" ಅಂದ. ಮತ್ತೆ ಒಳಗೆ ಹೋದ. ಈ ಸಲ ಚಿಲಕ ಹಾಕಲಿಲ್ಲ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಪೆಟ್ಟಿಗೆ ನನ್ನದಾಗಲಿ ಅಂತ ಅಲ್ಲ. ನಿಮ್ಮ ಒಂದು ಜಹಗೀರು ಹೋಗಿ ನನ್ನದು ಇನ್ನೊಂದು ಶುರುವಾದರೆ ಏನು ಬಂತು? ಆ ಮೊಬೈಲ್ ಅಂಗಡಿಯ ಹುಡುಗರನ್ನೂ ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವರಿಗೆ ಆಟ ಗೊತ್ತು, ನಮಗೆ ನಿಮ್ಮ ಕಟ್ಟು ಗೊತ್ತು. ಅತ್ತೆ ನಿಮ್ಮನ್ನು ನಿಧಾನವಾಗಿ ಕರೆದುಕೊಂಡು ಬರಲಿ. ನೀವು ನಮ್ಮ ಹಿಂದೆ ಕುರ್ಚಿ ಹಾಕಿಕೊಂಡು ಕೂರಿ, ಮೈಕಿನ ಸ್ವಿಚ್ಚು ನಿಮ್ಮ ಕೈಯಲ್ಲಿರಲಿ. ತಪ್ಪಾದಾಗ ನಮ್ಮಲ್ಲಿ ಯಾರಾದರೂ ಒಬ್ಬರ ಹೆಸರೆತ್ತಿದರೆ ಟಕ್ಕಂತ ಆಫ್ ಮಾಡಿ. ಕಲಿಸಲು ದನಿ ಬೇಕಾಗಿಲ್ಲ.

ಕೊಡಲು ಮನಸ್ಸಾಗದಿದ್ದರೆ ಬೀಗದ ಕೈ ನಿಮ್ಮ ದಿಂಬಿನಡಿಯಲ್ಲೇ ಇರಲಿ. ನಾನು ಮತ್ತೆ ಸಿಟ್ಟು ಮಾಡುವುದಿಲ್ಲ, ಆ ಮುಷ್ಟಿಯೊಳಗೆ ನಿಮ್ಮ ತಮ್ಮ ಇದ್ದಾರೆ ಅಂತ ಈಗ ಗೊತ್ತು. ಭಾನುವಾರ ನಾನು ಗೋಲಿನ ಬಲೆಯ ಹಿಂದೆ ಹೋಗಿ ನಿಲ್ಲುತ್ತೇನೆ. ಮೈಕಿಲ್ಲದೆ ಬರಿಗಂಟಲಿನಲ್ಲೇ ಹೇಳುತ್ತೇನೆ. ಇಡೀ ಮೈದಾನಕ್ಕೆ ಕೇಳಿಸಬೇಕಾಗಿಲ್ಲ. ನನ್ನ ತಮ್ಮ ಒಬ್ಬನಿಗೆ ಕೇಳಿಸಿದರೆ ಸಾಕು.

ನಿಮ್ಮ ನೋವು ಇಳಿಯಲಿ, ನಿದ್ದೆ ಬರಲಿ. ಊರು ಬಿಟ್ಟು ಹೋದ ನಿಮ್ಮ ತಮ್ಮ ಎಲ್ಲಿದ್ದರೂ ಅಲ್ಲಿ ಅವರನ್ನು ಜನ ಅವರ ಸ್ವಂತ ಹೆಸರಿನಿಂದ ಕರೆಯುತ್ತಿರಲಿ. ನಮ್ಮ ತಲೆಯ ಮೇಲೆ ನಿಮ್ಮ ಕೈ ಇರಲಿ.

ಆಟ ಮುಂದುವರೀಲಿ, ಮಾಮ.

ಇಂತಿ ನಿಮ್ಮ,
ಗೋಡೆಯ ಅಕ್ಕ