ದಾಟದ ಬಿಳಿ ಗೆರೆ

ಅಪ್ಪಾ,

ಮೊದಲು ಕೂತುಕೊಳ್ಳಿ, ಆಮೇಲೆ ಓದಿ. ನನಗೆ ಲೈಸೆನ್ಸ್ ಸಿಕ್ಕಿತು! ಊರಲ್ಲಿ ನಿಮ್ಮ ವ್ಯಾನನ್ನು ಹನ್ನೊಂದು ವರ್ಷ ಓಡಿಸಿದ್ದು ಈ ದೇಶದಲ್ಲಿ ಲೆಕ್ಕಕ್ಕಿಲ್ಲ, ಮತ್ತೆ ಪರೀಕ್ಷೆ ಕೊಡಬೇಕಾಯಿತು.

ಇಲ್ಲಿ ರಸ್ತೆಯ ಬಿಳಿ ಗೆರೆ ತುಂಡು ತುಂಡಾಗಿದ್ದರೆ ಮಾತ್ರ ಪಕ್ಕದ ಲೇನಿಗೆ ಹೋಗಬಹುದು. ಒಂದೇ ಸಮನೆ ಎಳೆದ ಗೆರೆಗೆ ಚಕ್ರ ತಾಗಿಸುವಂತಿಲ್ಲ. ಪಕ್ಕದಲ್ಲಿ ಕೂತಿದ್ದ ಪರೀಕ್ಷಕರು, "ಮುಂದಿನ ತಿರುವಲ್ಲಿ ಎಡಕ್ಕೆ ತಗೊಳ್ಳಿ" ಅಂದರು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ, ಕತ್ತು ತಿರುಗಿಸಿಯೂ ನೋಡಿದೆ. ಎಡಗಡೆ ಲಾರಿಯೊಂದು ಅಂಟಿಕೊಂಡೇ ಬರುತ್ತಿತ್ತು. ಅದು ಮುಂದೆ ಹೋಗುವಷ್ಟರಲ್ಲಿ ತುಂಡು ಗೆರೆ ಮುಗಿದೇ ಹೋಯಿತು. ಇಂಡಿಕೇಟರ್ ಆರಿಸಿ ನೇರ ಹೋದೆ.

"ಎಡಕ್ಕೆ ಅಂದೆನಲ್ಲ ನಾನು!"

"ಗೆರೆ ದಾಟೋ ಹಾಗಿಲ್ಲ ಸಾರ್. ಮುಂದಿನ ಸರ್ಕಲ್ ಸುತ್ತಿ ಬರ್ತೀನಿ."

ಮೂರು ಕಿಲೋಮೀಟರ್ ಸುತ್ತು. ಅವರು ಕಾಗದದ ಮೇಲೆ ಏನೋ ಗೀಚಿಕೊಂಡರು. ಲೈಸೆನ್ಸ್ ಸಿಕ್ಕರೆ ಕೊಡುತ್ತೇವೆ ಅಂದಿದ್ದ ಡ್ರೈವರ್ ಕೆಲಸ ಕೈತಪ್ಪಿತು ಅಂದುಕೊಂಡೆ. ಇಳಿದ ಮೇಲೆ ಕಾಗದಕ್ಕೆ ಸೀಲು ಒತ್ತುತ್ತಾ, "ಬೆಳಗ್ಗೆಯಿಂದ ನಾಲ್ಕು ಜನ ನನ್ನ ಮಾತು ಕೇಳಿ ಗೆರೆ ದಾಟಿದ್ರು, ನಾಲ್ಕೂ ಜನ ಫೇಲು. ನನ್ನ ಮಾತು ಕೇಳದೇ ಇದ್ದೋರು ನೀವೊಬ್ಬರೇ" ಅಂದರು.

ಸೋಮವಾರದಿಂದ ಆಸ್ಪತ್ರೆಯ ಬಟ್ಟೆ ಒಯ್ಯುವ ವ್ಯಾನು ನನ್ನ ಕೈಗೆ. ಆರೋಗ್ಯವಾಗಿದ್ದೇನೆ, ತಿರುಗಿ ತಿರುಗಿ ನೋಡಿ ಕತ್ತು ಮಾತ್ರ ಹಿಡಿದುಕೊಂಡಿದೆ. ಅಮ್ಮನಿಗೂ ಓದಿ ಹೇಳಿ. ಈ ಪೋಸ್ಟ್‌ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.

"ಹೇಳಿದ ಮಾತು ಕೇಳೋಳಲ್ಲ ಇವಳು" ಅಂತ ನೆಂಟರ ಮುಂದೆಲ್ಲ ಬೈಯುತ್ತಿದ್ದಿರಲ್ಲ ಅಪ್ಪಾ, ಈಗ ಅದಕ್ಕೆ ಸರ್ಕಾರದ ಸೀಲೇ ಬಿದ್ದಿದೆ.

ನಿಮ್ಮ ಮೊಂಡು ಮಗಳು