ಅಲ್ವಾ ಅಂದ ತಪ್ಪಿಗೆ

ಹಾಸ್ಟೆಲಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಇಳಿಯಿತೇ? ಭಾವನವರಿಗೆ ನಮಸ್ಕಾರ ತಿಳಿಸು. ನನಗೆ ಊಟ ನಿದ್ದೆಗೆ ಕೊರತೆಯಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಎರಡು ದಿನದಿಂದ ಮೆಸ್ಸಿನ ತಟ್ಟೆಯನ್ನು ಹಾಗೇ ಬಿಟ್ಟು ಬರುತ್ತಿದ್ದೇನೆ.

ಮನಶ್ಶಾಸ್ತ್ರದ ಮೇಡಂ ಈ ಸಲ ಪ್ರತಿಯೊಬ್ಬರೂ ಒಂದು ಸಣ್ಣ ಪ್ರಯೋಗ ಮಾಡಬೇಕೆಂದರು. ನಾನು ಬಸ್ ನಿಲ್ದಾಣದ ಹಿಂದಿನ ದೊಡ್ಡ ಲಾಂಡ್ರಿಗೆ ಹೋದೆ. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳೆಲ್ಲ ಅಲ್ಲಿಗೇ ಬರುತ್ತವೆ. ಇಸ್ತ್ರಿ ಮಾಡುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಕೋಣೆಯಲ್ಲಿ ಹಾಡು ಹಾಕಿದೆ, ಇನ್ನೊಂದರಲ್ಲಿ ಇಲ್ಲ. ಹಾಡು ಕೇಳಿದರೆ ದಣಿವು ಕಡಿಮೆಯಾಗುತ್ತದೆಯೇ ಎಂದು ನೋಡುವುದಷ್ಟೇ. ಸಂಜೆ ಎರಡೂ ಕೋಣೆಯವರನ್ನು ಕೇಳಿದಾಗ ಫಲಿತಾಂಶ ನಾನು ಅಂದುಕೊಂಡಂತೆಯೇ ಬಂತು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ, ಮೇಡಂಗೆ ತೋರಿಸುವ ಮೊದಲೇ ಲಾಂಡ್ರಿ ಮಾಲೀಕರ ಮುಂದೆ ಕೊಚ್ಚಿಕೊಂಡೆ. ಅವರು ತಲೆದೂಗಿದರು. ಮರುದಿನವೇ ಎರಡೂ ಕೋಣೆಗಳಲ್ಲಿ ಹಾಡು ಹಾಕಿಸಿ, ದಣಿವು ಹೇಗೂ ಕಡಿಮೆಯಾಗಿದೆಯಲ್ಲ ಎಂದು ಕೆಲಸದ ಹೊತ್ತನ್ನು ಅರ್ಧ ಗಂಟೆ ಹೆಚ್ಚಿಸಿಬಿಟ್ಟರು.

ಶುಕ್ರವಾರ ಹೋದಾಗ ಇಸ್ತ್ರಿಯ ದೊಡ್ಡಮ್ಮ, ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ, ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದರು. "ಆ ಹಾಡು ನಿಲ್ಸೋಕೆ ಹೇಳಮ್ಮ, ತಲೆ ಸಿಡೀತಿದೆ" ಎಂದರು. "ಹಾಡಿಂದ ದಣಿವು ಕಡಿಮೆ ಆಯ್ತು ಅಂದಿದ್ರಲ್ಲ?" ಎಂದೆ. "ಪಾಪ, ನೀನು ಅಷ್ಟು ಆಸೆಯಿಂದ ಕೇಳ್ದೆ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಕ್ಕಾ.

ನೇರ ಮೇಡಂ ಹತ್ತಿರ ಹೋದೆ. "ನೀನು ಕೇಳಿದ್ದು ಹೇಗೆ? ಕೇಳಿದ ಹಾಗೇ ಹೇಳು" ಎಂದರು. ಹಾಡಿಲ್ಲದ ಕೋಣೆಯಲ್ಲಿ "ದಣಿವು ಹೇಗಿದೆ?" ಎಂದಿದ್ದೆ. ಹಾಡಿನ ಕೋಣೆಯಲ್ಲಿ "ಈಗ ದಣಿವು ಕಡಿಮೆ, ಅಲ್ವಾ?" ಎಂದಿದ್ದೆ. ಹೇಳುತ್ತಿದ್ದಂತೆ ಕಿವಿ ಬಿಸಿಯಾಯಿತು. "ಉತ್ತರ ನೀನೇ ಕೊಟ್ಬಿಟ್ಟಿದ್ದೀಯಲ್ಲಮ್ಮ" ಎಂದರು ಮೇಡಂ, ಮೆಲ್ಲಗೆ.

ಇಬ್ಬರೂ ಮಾಲೀಕರ ಬಳಿ ಹೋಗಿ ಪ್ರಯೋಗವೇ ತಪ್ಪೆಂದು ಹೇಳಿದೆವು. ಹಾಡು ಅಂದೇ ನಿಂತಿತು. ಅರ್ಧ ಗಂಟೆ ಮಾತ್ರ ಹಾಗೇ ಉಳಿಯಿತು. ಅದನ್ನೂ ತೆಗೆಯಿರೆಂದು ಮಾಲೀಕರನ್ನು ಕೇಳಲು ನಾಳೆ ಮತ್ತೆ ಹೋಗುತ್ತೇವೆ. ದೊಡ್ಡಮ್ಮನ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ಹೇಳು.

ಬಿಸಿನೀರು ಕುಡಿಯುತ್ತಿರು.

ನಿನ್ನ ಬಾಯಿಬಡುಕಿ ತಂಗಿ

ವಿ.ಸೂ.: ಮದುವೆಯಾದಾಗಿನಿಂದ ಫೋನಿನಲ್ಲಿ ನಾವೆಲ್ಲ ನಿನ್ನನ್ನು ಕೇಳಿದ್ದು ಒಂದೇ: "ಸುಖವಾಗಿದ್ದೀಯ, ಅಲ್ವಾ?" ಪ್ರತಿ ಸಲ ನೀನು "ಹೂಂ" ಅಂದೆ, ನಾವು ಫೋನಿಟ್ಟೆವು. ಅಕ್ಕಾ, ಆ ಮನೆಯಲ್ಲಿ ನೀನು ಹೇಗಿದ್ದೀಯ? ಹಾಸ್ಟೆಲ್ ವಿಳಾಸಕ್ಕೇ ಬರೆ. ಅಮ್ಮನಿಗೆ ತೋರಿಸುವುದಿಲ್ಲ.